ಮಧ್ಯಾಹ್ನದ ಟ್ಯೂನಿಂಗ್, ಮುಂಜಾನೆಯ ಕಿಕ್

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಬೈಕ್ ಇಟ್ಟುಕೊಂಡವರು ಗ್ಯಾರೇಜಿಗೆ ಹೋದರೆ ಮೊದಲು ಹೇಳುವ ಮಾತು ಒಂದೇ: ‘ಎವರೇಜ್ ಬರವಲ್ದರೀ, ಸ್ವಲ್ಪ ನೋಡ್ರಿ.’ ಎವರೇಜ್ ಅಂದರೆ ಮೈಲೇಜ್. ಮಿಸ್ತ್ರಿ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬೊರೇಟರಿನ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸುತ್ತಾರೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಎಂಜಿನ್ ಇದನ್ನು ತಡೆದುಕೊಳ್ಳುತ್ತದೆ, ಗಾಡಿ ಚೆನ್ನಾಗಿಯೇ ಓಡುತ್ತದೆ. ತೊಂದರೆ ಕಾಣುವುದು ಡಿಸೆಂಬರ್ ಮುಂಜಾನೆ. ಹಾಲು ಹಾಕುವವರು, ಪೇಪರ್ ಹಂಚುವ ಹುಡುಗರು, ಅಮರಗೋಳದ ಎಪಿಎಂಸಿಗೆ ಹೊರಟವರು ಆ ಥಂಡಿಯಲ್ಲೂ ಕಿಕ್ ಹೊಡೆದು ಹೊಡೆದು ಬೆವರುತ್ತಾರೆ.

ಚಳಿಗೆ ಗಾಡಿ ಚಾಲು ಆಗದಿದ್ದರೆ ಹೆಚ್ಚಿನ ಸಲ ಕಾರಣ ಈ ಎವರೇಜ್ ಆಸೆಯೇ ಎಂಬುದು ನನ್ನ ಅಭಿಪ್ರಾಯ. ಇದನ್ನು ಮನೆಯಲ್ಲೇ ಸರಿ ಮಾಡಿಕೊಳ್ಳಬಹುದು. ಒಂದು ಚಪ್ಪಟೆ ಸ್ಕ್ರೂಡ್ರೈವರ್, ಪ್ಲಗ್ ಪಾನಾ, ಒಂದು ಡಬ್ಬಿ ಕಾರ್ಬೊರೇಟರ್ ಕ್ಲೀನರ್, ಹಳೆಯ ಬಟ್ಟೆ ಸಾಕು. ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ ಅಷ್ಟೇ. ಸೆಟ್ಟಿಂಗ್ ಮಾಡುವುದು ಎಂಜಿನ್ ಬಿಸಿ ಇದ್ದಾಗ, ಪರೀಕ್ಷೆ ಮಾಡುವುದು ಮರುದಿನ ಅದು ಪೂರ್ತಿ ತಣ್ಣಗಿದ್ದಾಗ.

ನಿಮ್ಮ ಗಾಡಿಯಲ್ಲಿ ಕಾರ್ಬೊರೇಟರ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. 2020ರ ಏಪ್ರಿಲ್ 1ರಿಂದ ಬಿಎಸ್‌6 ಎಂಬ ಹೊಗೆ ಮಾಲಿನ್ಯದ ನಿಯಮ ಬಂತು. ಆಮೇಲಿನ ಬೈಕುಗಳಲ್ಲಿ ಬಹುತೇಕ ಕಾರ್ಬೊರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇದೆ. ಅದಕ್ಕೆ ಈ ಲೇಖನ ಅನ್ವಯಿಸುವುದಿಲ್ಲ. ಅದಕ್ಕಿಂತ ಹಿಂದಿನ 100, 125, 150 ಸಿಸಿ ಗಾಡಿಗಳು, ಹಳೆಯ ಬುಲೆಟ್, ಆರ್‌ಎಕ್ಸ್ 100, ಯೆಜ್ಡಿ ಇದ್ದವರು ಮುಂದೆ ಓದಿ.

ಚಳಿಯಲ್ಲಿ ಏನಾಗುತ್ತದೆ?

ಎಂಜಿನ್ ಒಳಗೆ ಉರಿಯುವುದು ಪೆಟ್ರೋಲಿನ ಹನಿಯಲ್ಲ, ಅದರ ಆವಿ. ಲೆಕ್ಕದ ಪ್ರಕಾರ 1 ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಆದರೆ ಎಂಜಿನ್ ತಣ್ಣಗಿದ್ದಾಗ ಕಾರ್ಬೊರೇಟರಿನಿಂದ ಹೊರಟ ಪೆಟ್ರೋಲಿನಲ್ಲಿ ಹಗುರವಾದ ಭಾಗ ಮಾತ್ರ ಆವಿಯಾಗುತ್ತದೆ. ಉಳಿದದ್ದು ತಣ್ಣನೆ ಲೋಟದ ಮೇಲೆ ನೀರು ಕೂಡುವಂತೆ ದಾರಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಪ್ಲಗ್ ಹತ್ತಿರ ಸಾಕಷ್ಟು ಆವಿ ಸಿಗಬೇಕಾದರೆ ಪೆಟ್ರೋಲನ್ನು ಬೇಕಾದದ್ದಕ್ಕಿಂತ ಬಹಳ ಜಾಸ್ತಿ ಕೊಡಬೇಕು. ಚೋಕ್ ಇರುವುದು ಇದಕ್ಕೇ.

ಈಗ ಇದಕ್ಕೆ ಎಥನಾಲ್ ಸೇರಿದೆ. 20 ಪರ್ಸೆಂಟ್ ಎಥನಾಲ್ ಇರುವ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಎಥನಾಲಿನೊಳಗೇ ಆಮ್ಲಜನಕ ಇರುತ್ತದೆ. ಹಾಗಾಗಿ ಅದಕ್ಕೆ 1 ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಇ20ಗೆ ಲೆಕ್ಕ ಹಾಕಿದರೆ 13.5ರ ಆಸುಪಾಸು ಬರುತ್ತದೆ. ಅಂದರೆ ಹಳೆಯ ಪೆಟ್ರೋಲಿಗೆಂದು ಮಾಡಿದ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು), ಹಳೆಯ ಸೆಟ್ಟಿಂಗ್ ಇದ್ದರೆ ಗಾಡಿ ತಾನಾಗಿಯೇ ಸ್ವಲ್ಪ ಲೀನ್, ಅಂದರೆ ಪೆಟ್ರೋಲ್ ಕಡಿಮೆ ಗಾಳಿ ಜಾಸ್ತಿಯಾಗಿ, ಓಡುತ್ತದೆ. ಜೊತೆಗೆ ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ತಣ್ಣನೆ ಎಂಜಿನ್ನಿನಲ್ಲಿ ಆ ಶಾಖ ಎಲ್ಲಿಂದ ಬರಬೇಕು? ಐದು ವರ್ಷದ ಹಿಂದೆ ಒಂದೇ ಕಿಕ್‌ಗೆ ಚಾಲು ಆಗುತ್ತಿದ್ದ ಗಾಡಿ ಈಗ ಸತಾಯಿಸುವುದಕ್ಕೆ ಇದೂ ಒಂದು ಕಾರಣ.

‘ಧಾರವಾಡ ಎತ್ತರದಾಗ ಐತಿ, ಅದಕ್ಕ ಹಿಂಗ’ ಎನ್ನುವವರೂ ಇದ್ದಾರೆ. ಅದು ಉಲ್ಟಾ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಹುಬ್ಬಳ್ಳಿಗೂ ಧಾರವಾಡಕ್ಕೂ ಇರುವ ಎತ್ತರದ ವ್ಯತ್ಯಾಸಕ್ಕೆ ಜೆಟ್ ಬದಲಿಸುವ ಅಗತ್ಯವಂತೂ ಇಲ್ಲ.

ಮೊದಲು ಚೋಕ್ ಎಳೆಯುವುದನ್ನು ನೋಡಿ

ಚೋಕ್‌ನಲ್ಲಿ ಎರಡು ಬಗೆ ಇದೆ. ಕೆಲವು ಗಾಡಿಗಳಲ್ಲಿ ಗಾಳಿಯ ದಾರಿಗೆ ಅಡ್ಡ ಬರುವ ತಗಡಿನ ಬಾಗಿಲು ಇರುತ್ತದೆ. ಲಿವರ್ ಎತ್ತಿದರೆ ಗಾಳಿ ಕಟ್, ಪೆಟ್ರೋಲ್ ಜಾಸ್ತಿ. ಇನ್ನು ಕೆಲವುಗಳಲ್ಲಿ ಪ್ಲಂಜರ್ ಇರುತ್ತದೆ. ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಆ ಗುಂಡಿ ಗೊತ್ತೇ ಇದೆ. ಅದನ್ನು ಎಳೆದರೆ ಪೆಟ್ರೋಲಿಗೆ ಬೇರೆಯದೇ ಒಂದು ಸಣ್ಣ ದಾರಿ ತೆರೆಯುತ್ತದೆ.

ಪ್ಲಂಜರ್ ಚೋಕ್ ಇದ್ದಾಗ ಎಕ್ಸಲೇಟರ್ ಮುಟ್ಟಲೇಬಾರದು. ಆ ಸಣ್ಣ ದಾರಿಯಿಂದ ಪೆಟ್ರೋಲ್ ಮೇಲೇಳಬೇಕಾದರೆ ಎಂಜಿನ್ ಜೋರಾಗಿ ಎಳೆಯಬೇಕು. ಎಕ್ಸಲೇಟರ್ ತಿರುವಿದ ಕೂಡಲೇ ದೊಡ್ಡ ದಾರಿ ತೆರೆದು ಎಳೆತ ಹೋಗಿಬಿಡುತ್ತದೆ. ಚೋಕೂ ಎಳೆದು, ಎಕ್ಸಲೇಟರೂ ತಿರುವಿ, ಕಿಕ್ಕೂ ಹೊಡೆದು ‘ಚೋಕ್ ಎಳದ್ರೂ ಚಾಲು ಆಗೂದಿಲ್ಲ’ ಅನ್ನುವವರು ಎಷ್ಟು ಮಂದಿ! ಬಾಗಿಲಿನ ಚೋಕ್‌ಗೆ ಮಾತ್ರ ಕೂದಲೆಳೆಯಷ್ಟು ಎಕ್ಸಲೇಟರ್ ಕೊಡಬಹುದು.

ಹಳೆಯ ಜಾವಾದಲ್ಲಿ ಚೋಕ್ ಬದಲು ಕಾರ್ಬೊರೇಟರ್ ಮೇಲೆ ಒತ್ತುವ ಗುಂಡಿ ಇತ್ತು. ಒತ್ತಿದರೆ ಒಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಕೆಳಗಿಳಿದು ಪೆಟ್ರೋಲ್ ಮಟ್ಟ ಏರುತ್ತದೆ. ಬೆರಳಿಗೆ ತೇವ ತಾಗಿದರೆ ಸಾಕು, ಹರಿಸುವುದು ಬೇಡ. ಹಳೆಯ ಸ್ಕೂಟರನ್ನು ಒಂದು ಕಡೆ ವಾಲಿಸಿ ಕಿಕ್ ಹೊಡೆಯುತ್ತಿದ್ದರಲ್ಲ, ಅದರ ಹಿಂದೆಯೂ ಇದೇ ಉಪಾಯ ಇತ್ತು.

ಚೋಕ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭದ ದಾರಿ ಇದೆ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ಎಂಜಿನ್ ಚಾಲು ಇರುವಾಗಲೇ ಚೋಕ್ ಪೂರ್ತಿ ಎಳೆಯಿರಿ. ಎಂಜಿನ್ ಉಸಿರುಗಟ್ಟಿ ಬಂದ್ ಆಗಬೇಕು, ಇಲ್ಲವೇ ಸದ್ದಾದರೂ ಸ್ಪಷ್ಟವಾಗಿ ಬದಲಾಗಬೇಕು. ಏನೂ ಆಗಲಿಲ್ಲವೇ? ಕೇಬಲ್ ಸಡಿಲವಾಗಿದೆ, ಇಲ್ಲವೇ ಚೋಕ್‌ನ ಪೆಟ್ರೋಲ್ ದಾರಿ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಸ್ಕ್ರೂ ಎಷ್ಟು ತಿರುಗಿಸಿದರೂ ಅದು ಸರಿಯಾಗುವುದಿಲ್ಲ.

ಕಾರ್ಬೊರೇಟರ್ ಬಿಚ್ಚುವ ಮುಂಚೆ

ಪ್ಲಗ್ ಬಿಚ್ಚಿ ನೋಡಿ. ನಾಲ್ಕೈದು ಕಿಕ್ ಹೊಡೆದ ಮೇಲೂ ಅದು ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಆದರೆ ಸ್ಪಾರ್ಕ್ ಇಲ್ಲ ಅಥವಾ ಪೆಟ್ರೋಲ್ ಅತಿಯಾಗಿದೆ. ಅತಿಯಾಗಿದ್ದರೆ ಚೋಕ್ ಬಂದ್ ಮಾಡಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಕ್ಸಲೇಟರ್ ಪೂರ್ತಿ ತೆರೆದು ಐದಾರು ಕಿಕ್ ಹೊಡೆಯಿರಿ. ಪ್ಲಗ್ ತುದಿಗೆ ಕಪ್ಪು ಮಸಿ ಹಿಡಿದಿದ್ದರೆ ಒರೆಸಿ, ಗ್ಯಾಪ್ ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ನೋಡಿ ಸರಿಮಾಡಿ. ಹಳೆಯ ಪ್ಲಗ್ ಬಗ್ಗೆ ಜಾಸ್ತಿ ಯೋಚಿಸಬೇಡಿ, ಹೊಸದು ಹಾಕಿಬಿಡಿ.

ಆಮೇಲೆ ಪೆಟ್ರೋಲ್. ಹಲವು ಕಾರ್ಬೊರೇಟರುಗಳ ಕೆಳಗಿನ ಬಟ್ಟಲಿಗೆ ಒಂದು ಡ್ರೇನ್ ಸ್ಕ್ರೂ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಕೆಳಗೆ ಗಾಜಿನ ಬಾಟಲಿ ಹಿಡಿದು ಅದನ್ನು ಸಡಿಲಿಸಿ. ಹತ್ತಿರ ಬೀಡಿ, ಸಿಗರೇಟು, ದೀಪ ಬೇಡ ಎಂದು ಬೇರೆ ಹೇಳಬೇಕಿಲ್ಲ ಅಲ್ವಾ? ಬಾಟಲಿಯನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಎಥನಾಲ್ ನೀರನ್ನು ಹೀರುತ್ತದೆ, ಜಾಸ್ತಿಯಾದಾಗ ನೀರಿನೊಂದಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತದೆ. ಕಾರ್ಬೊರೇಟರಿಗೆ ಪೆಟ್ರೋಲ್ ಹೋಗುವುದೂ ಟ್ಯಾಂಕಿನ ತಳದಿಂದಲೇ. ವಾರಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಪೆಟ್ರೋಲಿನ ಹಗುರ ಭಾಗವೂ ಹಾರಿಹೋಗಿರುತ್ತದೆ. ಚಳಿಗೆ ಬೇಕಾದದ್ದು ಅದೇ ಭಾಗ.

ಏರ್ ಫಿಲ್ಟರ್ ಝಾಡಿಸಿ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. ಬಿರುಕಿದ್ದರೆ ಕಳ್ಳಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಚಾಲು ಇಟ್ಟು ಆ ರಬ್ಬರ್ ಮೇಲೆ ಸೋಪಿನ ನೀರು ಹಚ್ಚಿ. ಸದ್ದು ಬದಲಾದರೆ ಅಲ್ಲೇ ಸೀಳಿದೆ.

ಸ್ಲೋ ಜೆಟ್

ಚಳಿಯ ಸ್ಟಾರ್ಟಿಂಗ್‌ಗೂ ಐಡಲಿಂಗಿಗೂ (ಎಕ್ಸಲೇಟರ್ ಬಿಟ್ಟಾಗ ಎಂಜಿನ್ ತಾನಾಗಿ ಓಡುತ್ತಿರುವುದು) ಪೆಟ್ರೋಲ್ ಕೊಡುವುದು ಸ್ಲೋ ಜೆಟ್, ಅಥವಾ ಪೈಲಟ್ ಜೆಟ್. ಅದರ ತೂತು ಅರ್ಧ ಮಿಲಿಮೀಟರಿಗೂ ಸಣ್ಣದು. ಒಂದು ಕಣ ಧೂಳು ಸಾಕು ಅದು ಕಟ್ಟಿಕೊಳ್ಳಲು. ನಮ್ಮ ರಸ್ತೆಗಳ ಕೆಂಪು ಧೂಳಿಗೆ ಬರವೇ ಇಲ್ಲ.

ಕಾಕ್ ಬಂದ್ ಮಾಡಿ, ಬಟ್ಟಲು ಬಿಚ್ಚಿ. ನಡುವೆ ದೊಡ್ಡದಾಗಿ ಕಾಣುವುದು ಮೇನ್ ಜೆಟ್, ಪಕ್ಕದ ಗುಂಡಿಯಲ್ಲಿ ಅಡಗಿರುವುದು ಸ್ಲೋ ಜೆಟ್. ಗುಂಡಿಗೆ ಸರಿಯಾಗಿ ಕೂಡುವ ಸ್ಕ್ರೂಡ್ರೈವರೇ ಬೇಕು. ಹಿತ್ತಾಳೆ ಮೆತ್ತಗಿರುತ್ತದೆ, ತಲೆ ಕಿತ್ತರೆ ಜೆಟ್ ಹೊರಬರುವುದಿಲ್ಲ. ಕ್ಲೀನರ್ ಹೊಡೆದು, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ ಕಾಣಬೇಕು. ತಂತಿ, ಪಿನ್ನು ಹಾಕಿ ಚುಚ್ಚಬೇಡಿ. ತೂತು ಒಮ್ಮೆ ದೊಡ್ಡದಾದರೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ. ಪ್ಲಂಜರ್ ಚೋಕ್ ಇದ್ದರೆ ಬಟ್ಟಲಿನ ಗೋಡೆಯಲ್ಲಿರುವ ಸಣ್ಣ ದಾರಿಗೂ ಕ್ಲೀನರ್ ಹೊಡೆಯಿರಿ. ಅದನ್ನು ಬಹಳ ಮಂದಿ ಮರೆಯುತ್ತಾರೆ, ಚೋಕ್ ಕೆಲಸ ಮಾಡದಿರಲು ಹೆಚ್ಚಾಗಿ ಅದೇ ಕಾರಣ. ಕ್ಲೀನರ್ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ರಬ್ಬರ್ ಭಾಗಗಳಿಗೆ ತಾಗದಿರಲಿ.

ಸ್ಕ್ರೂ ತಿರುಗಿಸುವುದು

ಈಗ ಮುಖ್ಯ ಕೆಲಸ. ಕಾರ್ಬೊರೇಟರಿನಲ್ಲಿ ಹೊರಗಿನಿಂದ ಸಿಗುವ ಸ್ಕ್ರೂ ಎರಡು. ಒಂದು ಐಡಲಿಂಗ್ ಏರಿಸಿ ಇಳಿಸುವುದು. ಇನ್ನೊಂದು ಮಿಶ್ರಣದ್ದು. ಮಿಶ್ರಣದ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ: ಬಿಗಿ ಮಾಡಿದರೆ ಗಾಳಿ ಕಡಿಮೆಯಾಗಿ ರಿಚ್. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಸ್ಕ್ರೂ: ಸಡಿಲಿಸಿದರೆ ರಿಚ್. ಎರಡೂ ಒಂದಕ್ಕೊಂದು ಉಲ್ಟಾ. ಇದನ್ನು ನೋಡದೆ ತಿರುಗಿಸಿದರೆ ಸರಿಮಾಡಲು ಹೋಗಿ ಕೆಡಿಸಿದಂತಾಗುತ್ತದೆ.

ಮೊದಲು ಸ್ಕ್ರೂವನ್ನು ಒಳಗೆ ಕೂಡುವವರೆಗೂ ಮೆಲ್ಲಗೆ ತಿರುಗಿಸುತ್ತಾ ಎಷ್ಟು ಸುತ್ತು ಎಂದು ಎಣಿಸಿ, ಬರೆದಿಡಿ. ಕೆಟ್ಟರೆ ಹಳೆಯ ಜಾಗಕ್ಕೆ ಮರಳಬಹುದು. ಒತ್ತಿ ಬಿಗಿ ಮಾಡಬೇಡಿ, ತುದಿ ಸೂಜಿಯಂತಿದ್ದು ಬೇಗ ಹಾಳಾಗುತ್ತದೆ. ನಂತರ ಒಂದೂವರೆ ಸುತ್ತು ಹೊರಗೆ ತೆಗೆಯಿರಿ. ಹೆಚ್ಚಿನ ಗಾಡಿಗಳಿಗೆ ಶುರು ಮಾಡಲು ಇದು ಸರಿಯಾದ ಜಾಗ.

ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬನ್ನಿ. ನವನಗರದಿಂದ ಉಣಕಲ್ ಕೆರೆವರೆಗೆ ಹೋಗಿ ಬಂದರೂ ಸಾಕು. ನಿಂತಲ್ಲೇ ಎಂಜಿನ್ ಬಿಸಿ ಮಾಡಿದರೆ ಅದು ಸರಿಯಾದ ಬಿಸಿಯಲ್ಲ. ಬಂದ ಮೇಲೆ ಬಯಲಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಬಾಗಿಲು ಹಾಕಿದ ಶೆಡ್ಡಿನೊಳಗೆ ಬೇಡ, ಹೊಗೆಯಲ್ಲಿ ವಿಷದ ಗಾಳಿ ಇರುತ್ತದೆ. ಐಡಲಿಂಗ್ ತುಸು ಏರಿಸಿ. ಮಿಶ್ರಣದ ಸ್ಕ್ರೂವನ್ನು ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಕೆಲವು ಸೆಕೆಂಡು ಕಾಯಿರಿ. ಎಂಜಿನ್ ತಡವಾಗಿ ಉತ್ತರ ಕೊಡುತ್ತದೆ. ಒಂದು ಕಡೆ ತಿರುಗಿಸಿದಾಗ ವೇಗ ಏರುತ್ತದೆ, ದಾಟಿದರೆ ಮತ್ತೆ ಇಳಿಯುತ್ತದೆ. ವೇಗ ಎಲ್ಲಕ್ಕಿಂತ ಹೆಚ್ಚಿದ್ದು ಸದ್ದು ಒಂದೇ ಸಮ ಇರುವ ಜಾಗ ಹುಡುಕಿ. ಕಿವಿಯೇ ಸಾಕು, ಮೀಟರ್ ಬೇಡ.

ಎವರೇಜ್‌ಗಾಗಿ ಟ್ಯೂನ್ ಮಾಡುವವರು ಅಲ್ಲಿಂದ ಲೀನ್ ಕಡೆಗೆ ಹೋಗುತ್ತಾರೆ. ನೀವು ರಿಚ್ ಕಡೆಗೆ ಅರ್ಧಪಾವು ಸುತ್ತು (ಕಾಲು ಸುತ್ತಿನ ಅರ್ಧ) ಹೋಗಿ. ಆಮೇಲೆ ಐಡಲಿಂಗ್ ಇಳಿಸಿ. 100-150 ಸಿಸಿ ಗಾಡಿಗಳಿಗೆ ನಿಮಿಷಕ್ಕೆ 1,400 ಸುತ್ತಿನ ಆಸುಪಾಸು, ಹಳೆಯ ಬುಲೆಟಿಗೆ ಇನ್ನೂ ಕಡಿಮೆ. ಎಕ್ಸಲೇಟರ್ ಥಟ್ಟನೆ ತಿರುವಿ ಬಿಡಿ. ಎಂಜಿನ್ ತಡವರಿಸದೆ ಏರಿ, ಹಾಗೇ ಐಡಲಿಂಗಿಗೆ ಇಳಿಯಬೇಕು. ಇಳಿಯಲು ಹೊತ್ತು ತೆಗೆದುಕೊಂಡರೆ ಇನ್ನೂ ಲೀನ್ ಇದೆ ಎಂದರ್ಥ.

ಎವರೇಜ್ ಹೋಗುತ್ತದೆಯೇ ಎಂದು ಹೆದರಬೇಡಿ. ಈ ಸ್ಕ್ರೂವಿನ ಮಾತು ನಡೆಯುವುದು ಐಡಲಿಂಗಿನಲ್ಲಿ ಮತ್ತು ಎಕ್ಸಲೇಟರ್ ಸ್ವಲ್ಪವೇ ತೆರೆದಾಗ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದೇ ಸಮ ಹೋಗುವಾಗ ಹೆಚ್ಚಿನ ಪೆಟ್ರೋಲ್ ಬರುವುದು ನೀಡಲ್ (ಎಕ್ಸಲೇಟರ್ ಜೊತೆ ಏರಿಳಿಯುವ ಸೂಜಿ) ಮತ್ತು ಮೇನ್ ಜೆಟ್ ಕಡೆಯಿಂದ. ಇಲ್ಲಿ ಉಳಿಸುವ ಹನಿಗಳನ್ನು ಮುಂಜಾನೆ ಚೋಕ್ ಎಳೆದು ಹತ್ತು ನಿಮಿಷ ಗುರುಗುಟ್ಟಿಸಿ ಸುಟ್ಟರೆ ಲಾಭವೇನು?

ಮರುದಿನ ಬೆಳಗ್ಗೆ

ರಾತ್ರಿ ಪೂರ್ತಿ ನಿಂತ ಗಾಡಿಗೆ ಚೋಕ್ ಎಳೆದು, ಚಾವಿ ಹಾಕುವ ಮುಂಚೆ ಒಂದೆರಡು ಸಲ ಮೆಲ್ಲಗೆ ಕಿಕ್ ಒತ್ತಿ. ಚಾವಿ ಹಾಕಿ ಕಿಕ್ ಹೊಡೆಯಿರಿ. ಎರಡು ಮೂರು ಕಿಕ್‌ನಲ್ಲಿ ಚಾಲು ಆಗಿ, ಒಂದೆರಡು ನಿಮಿಷದಲ್ಲಿ ಚೋಕ್ ಬಂದ್ ಮಾಡಿದರೂ ಎಂಜಿನ್ ಚಾಲು ಇದ್ದರೆ ಸೆಟ್ಟಿಂಗ್ ಸರಿ ಇದೆ. ಚೋಕ್ ತೆಗೆದ ಕೂಡಲೇ ಬಂದ್ ಆಗುತ್ತಿದ್ದರೆ ಇನ್ನು ಅರ್ಧಪಾವು ಸುತ್ತು ರಿಚ್ ಮಾಡಿ. ಅಂಥ ಚಳಿಯಲ್ಲೂ ಚೋಕ್ ಇಲ್ಲದೇ ಚಾಲು ಆಗಿ, ಹೊಗೆಯಲ್ಲಿ ಪೆಟ್ರೋಲ್ ವಾಸನೆ ಬಂದರೆ ರಿಚ್ ಅತಿಯಾಗಿದೆ, ಹಿಂದಕ್ಕೆ ತನ್ನಿ. ಬದಲಾವಣೆ ದಿನಕ್ಕೆ ಒಂದೇ ಇರಲಿ. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಸ್ಲೋ ಜೆಟ್ ಕ್ಲೀನ್ ಇದ್ದೂ, ಪೆಟ್ರೋಲ್ ಸ್ಕ್ರೂ ಮೂರು ಸುತ್ತು ದಾಟಿದರೂ ಗಾಡಿ ಒಪ್ಪದಿದ್ದರೆ ಜೆಟ್ ಒಂದು ನಂಬರ್ ದೊಡ್ಡದು ಬೇಕು. ಗಾಳಿಯ ಸ್ಕ್ರೂ ಇದ್ದರೆ ಅದು ಪೂರ್ತಿ ಒಳಗೆ ಹೋಗುವುದೇ ಆ ಗುರುತು. ಅದೂ ಆಗಿ ಉಪಯೋಗವಿಲ್ಲದಿದ್ದರೆ ಕಾರ್ಬೊರೇಟರ್ ಬಿಟ್ಟುಬಿಡಿ. ಫೋರ್ ಸ್ಟ್ರೋಕ್ ಗಾಡಿಯಾದರೆ ವಾಲ್ವಿನ ಗ್ಯಾಪ್ ಕಡಿಮೆಯಾಗಿ, ವಾಲ್ವ್ ಪೂರ್ತಿ ಮುಚ್ಚದೆ ಪ್ರೆಶರ್ ಹೋಗುತ್ತಿರಬಹುದು. ಅದನ್ನು ಎಂಜಿನ್ ತಣ್ಣಗಿದ್ದಾಗ ಫೀಲರ್ ಗೇಜ್ ಇಟ್ಟು ಅಳೆಯಬೇಕು, ಗ್ಯಾರೇಜಿಗೆ ರಾತ್ರಿಯೇ ಬಿಟ್ಟು ಬರುವುದು ಒಳ್ಳೆಯದು.

ಮಾರ್ಚ್‌ನಲ್ಲಿ ಬಿಸಿಲು ಏರಿದಾಗ ಐಡಲಿಂಗ್ ತಾನಾಗಿ ತುಸು ಮೇಲೆ ಹೋಗುತ್ತದೆ. ಆಗ ಐಡಲಿಂಗ್ ಸ್ಕ್ರೂ ಮಾತ್ರ ಇಳಿಸಿ, ಮಿಶ್ರಣದ ಸ್ಕ್ರೂ ಮುಟ್ಟಬೇಡಿ. ಗ್ಯಾರೇಜಿಗೆ ಬಿಟ್ಟಾಗಲೂ ಎಷ್ಟು ಸುತ್ತಿಗೆ ಇಟ್ಟಿದ್ದೀರಿ ಎಂಬ ಚೀಟಿಯನ್ನು ಮಿಸ್ತ್ರಿಯ ಕೈಗೆ ಕೊಡಿ.