ನೇಮ್‌ಸರ್ವರ್ ಬದಲಿಸಿದ ಮೇಲೆ ಸೈಟ್ ಕೆಲವರಿಗಷ್ಟೇ ತೆರೆಯುತ್ತಿದ್ದರೆ

ಬೀದರಿನ ಬಿದರಿ ಸಾಮಾನಿನ ಅಂಗಡಿಯೊಂದರ ಡಾಟ್ ಇನ್ ಡೊಮೈನ್. ಹೋಸ್ಟಿಂಗ್ ಬದಲಿಸಿ ಹೊಸ ನೇಮ್‌ಸರ್ವರ್ (ಡೊಮೈನ್ ಹೆಸರಿನ ಐಪಿ ವಿಳಾಸ ಹೇಳುವ ಸರ್ವರ್) ಹಾಕಿದ ಮೇಲೆ ಅಂಗಡಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಸೈಟ್ ತೆರೆಯುತ್ತಿತ್ತು, ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವ ಸೇವೆ) ಆಗಿ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಇಟ್ಟ ಫೋನ್‌ಗಳಲ್ಲಿ ಇಲ್ಲ.

ಕ್ಯಾಶ್ ಅಳಿಸಿದ್ದು, ಎ ರೆಕಾರ್ಡ್ (ಹೆಸರಿಗೆ ಐಪಿ ಕೊಡುವ ಸಾಲು) ಮತ್ತೆ ಬರೆದದ್ದು, ಟಿಟಿಎಲ್ (ಉತ್ತರವನ್ನು ಕ್ಯಾಶ್‌ನಲ್ಲಿ ಇಡುವ ಅವಧಿ) 300 ಸೆಕೆಂಡಿಗೆ ಇಳಿಸಿದ್ದು, ಯಾವುದೂ ನಡೆಯಲಿಲ್ಲ. ‘48 ಗಂಟೆ ಕಾಯಿರಿ’ ಅನ್ನುವುದು ಎಲ್ಲ ರೋಗಕ್ಕೂ ಕೊಡುವ ಒಂದೇ ಗುಳಿಗೆ. ಇಲ್ಲಿ ವಾರ ಕಾದರೂ ಅಷ್ಟೇ.

ಸುಳಿವು ಕೊಟ್ಟಿದ್ದು ಡಿಎನ್‌ಎಸ್ ಉತ್ತರ ಕೇಳಿ ನೋಡುವ ಡಿಗ್ (dig) ಕಮಾಂಡ್. 8.8.8.8ಕ್ಕೆ ಕೇಳಿದರೆ ಸರ್ವ್‌ಫೇಲ್, ಅಂದರೆ ಉತ್ತರ ಕೊಡಲಾಗಲಿಲ್ಲ ಎಂಬ ದೋಷ. ಕಮಾಂಡ್‌ನ ಕೊನೆಯಲ್ಲಿ ‘+ಸಿಡಿ’ (+cd, ಸಹಿ ಪರೀಕ್ಷಿಸಬೇಡ ಅನ್ನುವ ಸೂಚನೆ) ಸೇರಿಸಿ ಕೇಳಿದರೆ ಸರಿಯಾದ ಐಪಿ. ಹಾಗಾದರೆ ತಪ್ಪು ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ಡಿಜಿಟಲ್ ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ) ಸಹಿಯದ್ದು. ಹಳೆಯ ಹೋಸ್ಟ್‌ನ ಸಹಿ ಕೀಲಿಯ ಗುರುತು ಇರುವ ಡಿಎಸ್ ರೆಕಾರ್ಡ್ ಡಾಟ್ ಇನ್ ರಿಜಿಸ್ಟ್ರಿಯಲ್ಲೇ (ಡಾಟ್ ಇನ್ ಹೆಸರುಗಳ ಮೂಲ ದಾಖಲೆ) ಉಳಿದಿತ್ತು. ನೇಮ್‌ಸರ್ವರ್ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಸಹಿ ನೋಡದ ರಿಸಾಲ್ವರ್‌ಗೆ (ನಮ್ಮ ಪರವಾಗಿ ಐಪಿ ಹುಡುಕಿ ಕೊಡುವ ಡಿಎನ್‌ಎಸ್ ಸರ್ವರ್) ಇದು ಗೊತ್ತೇ ಆಗುವುದಿಲ್ಲ, ಅಂಗಡಿಯಲ್ಲಿ ತೆರೆದದ್ದು ಅದಕ್ಕೇ.

ಮೊದಲು ರಿಜಿಸ್ಟ್ರಾರ್ (ಡೊಮೈನ್ ಕೊಂಡ ಕಂಪನಿ) ಪ್ಯಾನೆಲ್‌ನ ಡಿಎನ್‌ಎಸ್‌ಸೆಕ್ ಪುಟದಲ್ಲಿ ಹಳೆಯ ಡಿಎಸ್ ಅಳಿಸಿ. ‘ಡಿಗ್ ಡಿಎಸ್’ಗೆ ಖಾಲಿ ಉತ್ತರ ಬರುವವರೆಗೆ ಹೊಸ ಡಿಎಸ್ ಸೇರಿಸಬೇಡಿ. ಆಮೇಲೆ ಹೊಸ ಡಿಎನ್‌ಎಸ್‌ನಲ್ಲಿ ಸಹಿ ಚಾಲೂ ಮಾಡಿ, ಅದು ಕೊಡುವ ಕೀ ಟ್ಯಾಗ್, ಅಲ್ಗಾರಿದಮ್ (ಇಲ್ಲಿ 13), ಡೈಜೆಸ್ಟ್ ಟೈಪ್ (2) ಮತ್ತು ಡೈಜೆಸ್ಟನ್ನು (ಕೀಲಿಯ ಸಂಕ್ಷಿಪ್ತ ಗುರುತು) ರಿಜಿಸ್ಟ್ರಾರ್‌ನಲ್ಲಿ ಅಂಟಿಸಿ. ಡೈಜೆಸ್ಟ್ 64 ಅಕ್ಷರ ಇರಬೇಕು. ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ.