ಡಿಸ್ಕ್ ಬರೆಯೋಕೂ ಮುಹೂರ್ತ ನೋಡಿದ ಕಥೆ

ಮದುವೆ ವಿಡಿಯೋ ಮಾಡಿಕೊಡುವ ನನ್ನ ಬಗ್ಗೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಕಡೆ ಒಂದು ಜೋಕ್ ಇತ್ತು. "ಅವನ ಮದುವೆ ಡಿವಿಡಿ ಲೇಟ್ ಯಾಕೆ ಗೊತ್ತಾ? ಡಿಸ್ಕ್ ಬರೆಯೋಕೂ ಮುಹೂರ್ತ ನೋಡ್ತಾನೆ" ಅಂತ. ಇದನ್ನು ಹುಟ್ಟಿಸಿದವರು ನಮ್ಮ ಭಾವನೇ. ಆದರೆ ಮಾತು ಸುಳ್ಳಲ್ಲ. ಒಂದೂವರೆ ವರ್ಷ ನಾನು ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಇಟ್ಟು, ಎದ್ದು, ಕರಿಕಾಫಿ ಕುಡಿದು ಡಿಸ್ಕ್ ಬರೆದಿದ್ದೇನೆ. ಈಗ ಸಂಜೆ ಏಳಕ್ಕೆ ಬರೆಯುತ್ತೇನೆ. ಕಳೆದ ಸೀಸನ್ನಿನಲ್ಲಿ ಮುನ್ನೂರರ ಹತ್ತಿರ ಬರೆದೆ, ಹಾಳಾಗಿದ್ದು ನಾಲ್ಕೋ ಐದೋ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಈ ಕಾಲದಲ್ಲಿ ಡಿವಿಡಿ ಯಾರಿಗೆ ಬೇಕು ಅಂತ ಕೇಳಬೇಡಿ. ಪೆನ್‌ಡ್ರೈವ್ ಕೊಟ್ಟರೆ ಮನೆಯ ಹುಡುಗರು ಅದನ್ನು ಅಳಿಸಿ, ಹಾಡು ತುಂಬಿಸಿ ಕಾರಿಗೆ ಹಾಕಿಕೊಳ್ಳುತ್ತಾರೆ. ಆರು ತಿಂಗಳು ಬಿಟ್ಟು "ಮದುವೆ ವಿಡಿಯೋ ಇನ್ನೊಂದ್ಸಲ ಸಿಗುತ್ತಾ" ಅಂತ ಫೋನ್ ಬರುತ್ತದೆ. ಎಸ್ಟೇಟ್ ಮನೆಗಳ ಹಿರಿಯರಿಗೆ ಇವತ್ತಿಗೂ ಡಿಸ್ಕೇ ಬೇಕು. ಕವರ್ ಮೇಲೆ ಮಗಳ ಫೋಟೋ ಇರಬೇಕು, ಶೋಕೇಸ್‌ನಲ್ಲಿ ಇಡಬೇಕು. ಒಂದು ಮದುವೆಗೆ ಇಪ್ಪತ್ತು ಕಾಪಿ ಅಂದರೆ ನನಗೂ ನಾಲ್ಕು ಕಾಸು, ಅಲ್ವಾ?

ನನ್ನದು ಹಳೇ ಅಸೆಂಬಲ್ಡ್ ಡೆಸ್ಕ್‌ಟಾಪ್. ಡಿಸ್ಕ್ ಬರೆಯೋಕೆ ಸಾಟಾ ರೈಟರ್ (ಸಾಟಾ ಕೇಬಲ್‌ನಲ್ಲಿ ಜೋಡಿಸುವ ಡಿವಿಡಿ ಡ್ರೈವ್), ಸಾಫ್ಟ್‌ವೇರ್ ಇಮ್ಗ್‌ಬರ್ನ್. 2013ರ ನಂತರ ಅದಕ್ಕೆ ಹೊಸ ವರ್ಷನ್ ಬಂದಿಲ್ಲ, ಬರುವ ಅಗತ್ಯವೂ ಕಾಣಲಿಲ್ಲ. ಮೊದಮೊದಲು ಎಲ್ಲಾ ಚೆನ್ನಾಗಿಯೇ ಇತ್ತು. ಒಂದು ಫೆಬ್ರವರಿಯಲ್ಲಿ ಕಾಟ ಶುರುವಾಯಿತು. ಒಮ್ಮೆ ಡಿಸ್ಕ್ ಒಳಗೆ ಹೋದ ಹತ್ತು ಸೆಕೆಂಡಿಗೇ ಪವರ್ ಕ್ಯಾಲಿಬ್ರೇಷನ್ ಎರರ್. ಇನ್ನೊಮ್ಮೆ ಅರ್ಧದವರೆಗೆ ಹೋಗಿ ರೈಟ್ ಎರರ್. ಮತ್ತೊಮ್ಮೆ ಎಲ್ಲಾ ಬರೆದು ಮುಗಿಸಿ, ಕ್ಲೋಸ್ ಮಾಡುವಾಗ ಸೆಷನ್ ಫಿಕ್ಸೇಷನ್ ಎರರ್. ಈ ಕೊನೆಯದು ಬಂದಾಗ ಆಗುವ ಹೊಟ್ಟೆ ಉರಿ ಅನುಭವಿಸಿದವರಿಗೇ ಗೊತ್ತು. ಹತ್ತು ನಿಮಿಷ ಕಾದು, ಊಟಕ್ಕೆ ಬಡಿಸಿ ಎಲೆ ಎಳೆದ ಹಾಗೆ.

ಮಾಮೂಲಿ ವೈದ್ಯ ಎಲ್ಲಾ ಮಾಡಿದೆ. ಡಿಸ್ಕಿನ ಬ್ರ್ಯಾಂಡ್ ಬದಲಿಸಿದೆ. ಇಯರ್‌ಬಡ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಲೆನ್ಸ್ ಒರೆಸಿದೆ. ಎರಡನೇ ಸಲ ಒರೆಸುವಾಗ ಕೈ ಸ್ವಲ್ಪ ಭಾರ ಬಿತ್ತು, ಲೆನ್ಸ್ ಒಂದು ಕಡೆಗೆ ವಾಲಿತು, ಆ ರೈಟರ್ ಅಲ್ಲಿಗೇ ಮುಗಿಯಿತು. ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಹೊಸದು ಹಾಕಿಸಿದೆ, 1,200 ಚಿಲ್ಲರೆ. ಎರಡು ವಾರ ಆದ ಮೇಲೆ ಅದೇ ಹಾಡು. ಮತ್ತೆ ಹೋದರೆ ಅಂಗಡಿಯ ಹುಡುಗ "ಅಣ್ಣ, ಈಗ ಬರೋ ಪೀಸ್‌ಗಳೇ ಹೀಗೆ, ಇನ್ನೊಂದು ಕಂಪನಿದು ಹಾಕಿ ನೋಡಿ" ಅಂದ. ಹಾಕಿದೆ. ಇನ್ನೊಂದು 1,300. ಅವನ ಅಂಗಡಿಯಲ್ಲಿ ಕೂತು ಅದೇ ಡಿಸ್ಕ್ ಬರೆದರೆ ಸಲೀಸಾಗಿ ಬರೆಯುತ್ತೆ. ಮನೆಗೆ ತಂದರೆ ಇಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಆ ಸೀಸನ್ನಿನಲ್ಲಿ ಹಾಳಾದ ಡಿಸ್ಕ್ ನೂರಾ ನಲವತ್ತಕ್ಕೆ ಕಮ್ಮಿ ಇರಲಿಕ್ಕಿಲ್ಲ. ಒಂದಕ್ಕೆ ಹದಿನೈದು ರೂಪಾಯಿ ಹಿಡಿದರೂ ಎರಡು ಸಾವಿರ. ದುಡ್ಡಿಗಿಂತ ಜಾಸ್ತಿ ಹೋಗಿದ್ದು ಮರ್ಯಾದೆ. ಹಾಳಾದದ್ದನ್ನೆಲ್ಲ ಅಮ್ಮ ದಾರಕ್ಕೆ ಕಟ್ಟಿ ತರಕಾರಿ ಮಡಿಯ ಮೇಲೆ ನೇತು ಹಾಕಿದರು, ಹಕ್ಕಿ ಓಡಿಸೋಕೆ. ಹಕ್ಕಿ ಹೆದರಿದವು. ಮಂಗ ಒಂದು ಡಿಸ್ಕ್ ಕಿತ್ತುಕೊಂಡು ಹೋಗಿ ಮಾವಿನ ಮರದ ಮೇಲೆ ಕೂತು ಮುಖ ನೋಡಿಕೊಂಡಿತು.

ಇಲ್ಲಿ ಒಂದು ಹಳೇ ವಿಷಯ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲೂ ನನಗೆ ಇಂಥದ್ದೇ ಕಾಟ ಆಗಿತ್ತು. ಆಗಿನ ಕಾರಣ ಬೇರೆ. ಐಡಿಇ ಚಾನೆಲ್‌ನಲ್ಲಿ (ಡ್ರೈವ್ ಜೋಡಿಸುವ ಹಳೇ ದಾರಿ) ಆರು ಸಲ ತಪ್ಪು ಲೆಕ್ಕಕ್ಕೆ ಬಂದರೆ ವಿಂಡೋಸ್ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತಿತ್ತು, ಇಳಿಸಿ ಇಳಿಸಿ ಕೊನೆಗೆ ತೀರಾ ನಿಧಾನದ ಪಿಐಒ ಮೋಡ್‌ಗೆ ತಂದು ಕೂರಿಸುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಸರಿ ಹೋಗುತ್ತಿತ್ತು. ಹಳಬರಿಗೆ ನೆನಪಿರುತ್ತೆ. ಆ ಅಹಂಕಾರದಲ್ಲಿ ಈ ಸಲವೂ ಕೇಬಲ್, ಡ್ರೈವರ್, ಫರ್ಮ್‌ವೇರ್ ಅಂತ ಒಂದು ತಿಂಗಳು ಸುಮ್ನೆ ಕಳೆದೆ. ಸಾಟಾ ಕೇಬಲ್ ಮೂರು ಬದಲಿಸಿದೆ. ಏನೂ ಆಗಲಿಲ್ಲ.

ದಾರಿ ತೋರಿಸಿದ್ದು ಒಬ್ಬ ವಕೀಲರ ಕೆಲಸ. ಯಾವುದೋ ಬೇಲಿ ಜಗಳದ ಸಿಸಿಟಿವಿ ರೆಕಾರ್ಡಿಂಗ್. ಎರಡು ಡಿವಿಡಿ, ಬೆಳಿಗ್ಗೆ ಹತ್ತಕ್ಕೆ ಕೋರ್ಟ್‌ಗೆ ಬೇಕು. ಆಗಿನ್ನೂ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಕೊಡುವ ಕಾಲ. (2024ರ ಜುಲೈ ನಂತರ ಹೊಸ ಕಾಯ್ದೆಯ 63ನೇ ಕಲಂ ಬಂದಿದೆ, ಅದರ ನಮೂನೆಯಲ್ಲಿ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಕೂಡ ಬರೆಯಬೇಕು. ಈ ಕೆಲಸ ಹಿಡಿಯುವವರು ಗಮನಿಸಿ.) ಸಂಜೆ ಆರರಿಂದ ಹತ್ತರವರೆಗೆ ಒಂಬತ್ತು ಡಿಸ್ಕ್ ತಿಂದಿತು. ಒಂದೂ ಆಗಲಿಲ್ಲ. ಮಲಗಿದೆ, ನಿದ್ದೆ ಬರಲಿಲ್ಲ. ನಾಲ್ಕೂವರೆಗೆ ಎದ್ದು ಕೊನೆಯ ಪ್ರಯತ್ನ ಅಂತ ಹಾಕಿದೆ. ಎರಡಕ್ಕೆ ಎರಡೂ ಆದವು, ವೆರಿಫೈ ಸಮೇತ. ಅದೇ ಡಬ್ಬಿ, ಅದೇ ರೈಟರ್, ಅದೇ ಸ್ಪೀಡ್.

ಅಲ್ಲಿಂದ ಮುಹೂರ್ತದ ಕಥೆ ಶುರು. ಕ್ಯಾಲೆಂಡರ್ ಹಿಂದೆ ಬರೆದಿಡುತ್ತಾ ಹೋದೆ, ಯಾವ ಹೊತ್ತಿಗೆ ಹಾಕಿದ್ದು, ಆಯಿತೋ ಇಲ್ಲವೋ. ಬೆಳಗಿನ ಜಾವ ಹತ್ತರಲ್ಲಿ ಒಂಬತ್ತು ಪಾಸ್. ಸಂಜೆ ಹತ್ತರಲ್ಲಿ ಏಳು ಫೇಲ್. ಭಾನುವಾರ ಮಧ್ಯಾಹ್ನ ಪರವಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಸಂಜೆಯೂ ಪಾಸ್!

ಫೆಬ್ರವರಿ, ಮಾರ್ಚ್ ಅಂದರೆ ನಮ್ಮ ಕಡೆ ಏನು? ಕಾಫಿ ಹೂವಿಗೆ ಸ್ಪ್ರಿಂಕ್ಲರ್. ಸಂಜೆ ಆದರೆ ಸುತ್ತಲಿನ ತೋಟಗಳಲ್ಲಿ ಮೋಟರ್ ಆನ್. ನಮ್ಮನೆ ಲೈನಿನ ಕಟ್ಟಕಡೆ. ಬಲ್ಬ್ ಕೆಂಪಗಾಗುತ್ತೆ, ಫ್ರಿಜ್ ನರಳುತ್ತೆ. ಇದೆಲ್ಲ ಹುಟ್ಟಿದಾಗಿನಿಂದ ನೋಡಿ ಅಭ್ಯಾಸ ಆಗಿರುವುದರಿಂದ ಯಾರ ತಲೆಗೂ ಹೋಗಿರಲಿಲ್ಲ. ಮೀಟರ್ ಹಿಡಿದೆ. ಸಂಜೆ ಏಳಕ್ಕೆ ಪ್ಲಗ್‌ನಲ್ಲಿ 168 ವೋಲ್ಟ್. ಬೆಳಗಿನ ಜಾವ 225ರ ಆಸುಪಾಸು.

ಭಾವನಿಗೆ ಹೇಳಿದರೆ ನಕ್ಕರು. "ಏನ್ ಮಾರಾಯಾ, ವೋಲ್ಟೇಜ್ ಕಮ್ಮಿ ಅಂದ್ರೆ ಕಂಪ್ಯೂಟರೇ ಆಫ್ ಆಗ್ಬೇಕಲ್ಲ? ಅದು ಓಡುತ್ತೆ, ಡಿಸ್ಕ್ ಮಾತ್ರ ಹಾಳಾಗುತ್ತಾ?" ಅಂಗಡಿಯ ಹುಡುಗನೂ ಇದನ್ನೇ ಹೇಳಿದ. ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕೆ ಕ್ಯಾಬಿನೆಟ್ ಬಿಚ್ಚಬೇಕಾಯಿತು. ಖಾಲಿ ಇದ್ದ ಒಂದು ಮೊಲೆಕ್ಸ್‌ಗೆ (ಒಳಗಿನ ಡ್ರೈವ್‌ಗಳಿಗೆ ಕರೆಂಟ್ ಕೊಡುವ ಪ್ಲಗ್) ಮೀಟರ್ ಚುಚ್ಚಿದೆ, ಹಳದಿ ವೈರಿಗೆ 12 ವೋಲ್ಟ್, ಕೆಂಪಿಗೆ 5 ಬರಬೇಕು. ಶೇಕಡಾ 5 ಹೆಚ್ಚುಕಮ್ಮಿ ನಡೆಯುತ್ತೆ, ಅಂದರೆ ಹಳದಿಯಲ್ಲಿ 11.4ರ ಕೆಳಗೆ ಇಳಿಯಬಾರದು. ಸಂಜೆ ಸುಮ್ಮನೆ ಇದ್ದಾಗ 11.3. ಡಿಸ್ಕ್ ಹಾಕಿದೆ. ಮೋಟರ್ ರೊಯ್ಯನೆ ಎದ್ದ ಕೂಡಲೇ 10.9ಕ್ಕೆ ಬಿತ್ತು, ಕೆಂಪು 4.7. ಅದೇ ಗಳಿಗೆಗೆ ಸ್ಕ್ರೀನ್ ಮೇಲೆ ಎರರ್. ನನಗೆ ಮೈ ಜುಂ ಎಂದಿತು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. "ಅದಕ್ಕೇ ಮಿಕ್ಸಿನೂ ತಿರುಗ್ತಿಲ್ಲ" ಅಂದಳು, ಅಷ್ಟೇ.

ಪ್ರೊಸೆಸರ್ ತನಗೆ ಬೇಕಾದ ಒಂದು ಚಿಲ್ಲರೆ ವೋಲ್ಟನ್ನು ಮದರ್‌ಬೋರ್ಡ್ ಮೇಲೆಯೇ ಮಾಡಿಕೊಳ್ಳುತ್ತೆ, 12 ಸ್ವಲ್ಪ ಇಳಿದರೂ ಅದಕ್ಕೆ ಚಿಂತೆ ಇಲ್ಲ. ರೈಟರ್ ಹಾಗಲ್ಲ, ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರ್ ಒಳಗಿನ ಪವರ್ ಸಪ್ಲೈ ಡಬ್ಬಿ) ಬರುವ 12 ಮತ್ತು 5ನ್ನು ನೇರವಾಗಿ ತಗೊಳ್ಳುತ್ತೆ. ಬರೆಯುವ ಮೊದಲು ಡಿಸ್ಕಿನ ಒಳ ಅಂಚಿನಲ್ಲಿ ಚೂರು ಬರೆದು ನೋಡಿ, ಲೇಸರ್ ಎಷ್ಟು ಬೇಕು ಅಂತ ಲೆಕ್ಕ ಹಾಕುತ್ತೆ, ಪವರ್ ಕ್ಯಾಲಿಬ್ರೇಷನ್ ಅಂದರೆ ಇದೇ. ಆ ಹೊತ್ತಿನಲ್ಲಿ ಕರೆಂಟ್ ಕುಣಿದರೆ ಲೆಕ್ಕ ಹೇಗೆ ಕೂರಬೇಕು? 16 ಎಕ್ಸ್ ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ 9,000 ಸುತ್ತಿನ ಹತ್ತಿರ ತಿರುಗುತ್ತೆ. ನನ್ನದು ಆರುನೂರು ರೂಪಾಯಿಯ ಎಸ್‌ಎಂಪಿಎಸ್. ಮೇಲೆ 450 ವ್ಯಾಟ್ ಅಂತ ಬರೆದಿತ್ತು. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ.

ಕಾರಣ ಸಿಕ್ಕಿತು ಅಂದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಮೊದಲು ಟಿವಿ ಸ್ಟೆಬಿಲೈಸರ್ ತಂದೆ, 1,800. ವೋಲ್ಟೇಜ್ ಏನೋ 205ಕ್ಕೆ ಏರಿತು. ಆದರೆ ಪಕ್ಕದ ತೋಟದ ಮೋಟರ್ ಆನ್ ಆದಾಗಲೆಲ್ಲ ರಿಲೇ 'ಟಕ್' ಅನ್ನುತ್ತಿತ್ತು, ಬರೆಯುವ ಮಧ್ಯೆ ಆ ಟಕ್ ಬಂದರೆ ಮೂರರಲ್ಲಿ ಒಂದು ಡಿಸ್ಕ್ ಹೋಗುತ್ತಿತ್ತು. ಆ ಸ್ಟೆಬಿಲೈಸರ್ ಈಗ ಫ್ರಿಜ್‌ಗೆ ಇದೆ. ಆಮೇಲೆ ಮನೆಯ ಇನ್ವರ್ಟರ್‌ಗೆ ಕೊಟ್ಟೆ. ಮೀಟರ್ 220 ತೋರಿಸುತ್ತೆ, ಡಿಸ್ಕ್ ಹಾಳಾಗುತ್ತೆ! ಇದು ವಾರಗಟ್ಟಲೆ ತಲೆ ತಿಂದಿತು. ಲೈನಿನ 230 ವೋಲ್ಟಿನ ಅಲೆ ಮೇಲೆ 320ರ ಹತ್ತಿರ ಹೋಗಿ ಇಳಿಯುತ್ತೆ, ಅಗ್ಗದ ಎಸ್‌ಎಂಪಿಎಸ್ ಬದುಕುವುದೇ ಆ ತುದಿಯ ಮೇಲೆ. ನಮ್ಮ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆ ತುದಿಯೇ ಇಲ್ಲ, ಚಪ್ಪಟೆ. ಹಾಗಾಗಿ ಸಂಜೆಯ 168ಕ್ಕೂ ಇದರ 220ಕ್ಕೂ ಎಸ್‌ಎಂಪಿಎಸ್ ಪಾಲಿಗೆ ದೊಡ್ಡ ವ್ಯತ್ಯಾಸ ಇಲ್ಲ.

ಕೊನೆಗೆ ಬೆಂಗಳೂರಿಗೆ ಹೋದಾಗ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಅರ್ಧ ದಿನ ಅಲೆದು ಒಳ್ಳೆ ಎಸ್‌ಎಂಪಿಎಸ್ ತಂದೆ. ಮೂರು ಸಾವಿರಕ್ಕೆ ಸ್ವಲ್ಪ ಮೇಲೆ. ಇಲ್ಲಿ ಒಂದು ಎಚ್ಚರ. ಆಕ್ಟಿವ್ ಪಿಎಫ್‌ಸಿ (ತುದಿಯಿಂದ ಮಾತ್ರ ಅಲ್ಲ, ಇಡೀ ಅಲೆಯಿಂದ ಕರೆಂಟ್ ಎಳೆಯುವ ವ್ಯವಸ್ಥೆ) ಅಂತ ಡಬ್ಬಿ ಮೇಲೆ ಇದ್ದರೆ ಸಾಲದು. ಪಕ್ಕದ ಚೀಟಿಯಲ್ಲಿ ಇನ್‌ಪುಟ್ ಎಷ್ಟು ಅಂತ ಓದಿ. ಕೆಲವದರಲ್ಲಿ 200ರಿಂದ 240 ಅಂತ ಇರುತ್ತೆ, ಅದು ನಮಗೆ ಉಪಯೋಗ ಇಲ್ಲ. 100ರಿಂದ 240 ಇರುವುದೇ ಬೇಕು. ಅಂಗಡಿಯವನು "ಎರಡೂ ಒಂದೇ ಸಾರ್" ಅಂದ. ಒಂದೇ ಅಲ್ಲ.

ಹಾಕಿದ ಮೊದಲ ಸಂಜೆ ಪ್ಲಗ್‌ನಲ್ಲಿ 165. ಹಳದಿ ವೈರಿನಲ್ಲಿ 12.1. ಡಿಸ್ಕ್ ತಿರುಗಿದಾಗ 12.0. ಮುಳ್ಳು ಅಲ್ಲಾಡಲಿಲ್ಲ ಅನ್ನೋಣ ಅಂದರೆ ನನ್ನದು ಡಿಜಿಟಲ್ ಮೀಟರ್. ಒಂದೇ ಸಮನೆ ಹನ್ನೆರಡು ಡಿಸ್ಕ್ ಬರೆದೆ. ಹನ್ನೆರಡೂ ಪಾಸ್. ಭಾವನಿಗೆ ಹನ್ನೆರಡನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಫೋಟೋ ಕಳಿಸಿದೆ. "ಇವತ್ತು ಪಂಚಾಂಗದಲ್ಲಿ ಏನಿತ್ತು?" ಅಂತ ಉತ್ತರ ಬಂತು.

ಸ್ಪೀಡ್ ಬಗ್ಗೆಯೂ ಒಂದು ಮಾತು. ನಿಧಾನ ಬರೆದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಂದೇ ಡಬ್ಬಿಯ ಡಿಸ್ಕನ್ನು 4, 8, 12, 16ರಲ್ಲಿ ಬರೆದು ಪಿಐ, ಪಿಐಎಫ್ ಎರರ್ ಸ್ಕ್ಯಾನ್ ಮಾಡಿದೆ, ಅಂದರೆ ಡಿಸ್ಕ್ ಓದುವಾಗ ಬರುವ ತಪ್ಪುಗಳ ಎಣಿಕೆ; ಪಿಐಎಫ್ ಅಂದರೆ ಮೊದಲ ಹಂತದಲ್ಲಿ ತಿದ್ದಲಾಗದ ತಪ್ಪು. ಪಿಐಎಫ್ 4 ದಾಟಬಾರದು ಅನ್ನುವುದು ಲೆಕ್ಕ. ನನ್ನ ಡಿಸ್ಕಿಗೆ ಚೆನ್ನಾಗಿ ಬಂದಿದ್ದು 8. ನಾಲ್ಕರಲ್ಲಿ ಎಂಟಕ್ಕಿಂತ ಜಾಸ್ತಿ ಎರರ್ ಇತ್ತು. 16ರ ಡಿಸ್ಕ್ ವೇಗಕ್ಕೆ ಅಂತಲೇ ಮಾಡಿದ್ದು, ತೀರಾ ನಿಧಾನ ಅದಕ್ಕೂ ಒಗ್ಗುವುದಿಲ್ಲ. ಎಂಟರಲ್ಲಿ ಒಂದಕ್ಕೆ ಎಂಟೂವರೆ ನಿಮಿಷ, ಒಂದು ಬೀಡಾ ಹಾಕುವಷ್ಟು ಹೊತ್ತು.

ಡಿಸ್ಕ್ ಇಡುವ ಜಾಗ ಇನ್ನೊಂದು ತಲೆನೋವು. ಜುಲೈನಲ್ಲಿ ನಮ್ಮ ಕಡೆ ಚಪ್ಪಲಿಗೇ ಬೂಸ್ಟು ಬರುತ್ತೆ. ಬೆಚ್ಚಗಿರಲಿ ಅಂತ ಒಂದು ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆ. ಹೊಗೆ ಹಿಡಿದು ಐವತ್ತೂ ಹೋಯಿತು, ಒರೆಸಿದರೆ ಜಿಡ್ಡು. ಈಗ ಕ್ಯಾಮೆರಾ ಲೆನ್ಸ್ ಇಡುವ ಬೀರುವಿನಲ್ಲೇ ಇಡುತ್ತೇನೆ, ಕೆಳಗೆ 15 ವ್ಯಾಟಿನ ಬಲ್ಬ್ ಉರಿಯುತ್ತಿರುತ್ತೆ. ಪೇಪರ್ ಸ್ಟಿಕ್ಕರ್ ಅಂಟಿಸುವುದನ್ನು ಬಿಟ್ಟೆ. ಒಂದು ಕಡೆ ಎದ್ದರೆ ಡಿಸ್ಕ್ ತೂಕ ತಪ್ಪಿ ನಡುಗುತ್ತೆ, ಪ್ಲೇಯರ್‌ನಲ್ಲಿ ಮುಹೂರ್ತದ ಸೀನಿಗೇ ಸರಿಯಾಗಿ ನಿಲ್ಲುತ್ತೆ. ಮಾರ್ಕರ್‌ನಲ್ಲಿ ಬರೆಯಿರಿ, ಸಾಕು.

ಯಾವ ಬ್ಲಾಂಕ್ ಡಿಸ್ಕ್ ತರ್ತೀರಿ ಅಂತ ಮೂಡಿಗೆರೆಯ ಇಬ್ಬರು ವಿಡಿಯೋದವರು ಕೇಳಿದ್ದಾರೆ. ಅದನ್ನು ಹೇಳಲ್ಲ. ಡಬ್ಬಿಯ ಮೇಲಿನ ಹೆಸರು ನೋಡಬೇಡಿ, ಇಮ್ಗ್‌ಬರ್ನ್ ತೋರಿಸುವ ಮ್ಯಾನುಫ್ಯಾಕ್ಚರರ್ ಐಡಿ ನೋಡಿ, ಒಂದೇ ಹೆಸರಿನ ಎರಡು ಡಬ್ಬಿಯಲ್ಲಿ ಬೇರೆ ಬೇರೆ ಫ್ಯಾಕ್ಟರಿಯ ಮಾಲು ಇರಬಹುದು. ಇಷ್ಟು ಹೇಳಿದ್ದೇ ಜಾಸ್ತಿ. ಹಳೇ ಪ್ಲೇಯರ್‌ಗಳು ಪ್ಲಸ್ ಡಿಸ್ಕ್ (ಡಿವಿಡಿ+ಆರ್ ಬಗೆಯದು) ಓದುವಂತೆ ಮಾಡುವ ಸೆಟ್ಟಿಂಗ್ ಒಂದಿದೆ. ಅದನ್ನು ಕಾಫಿ ಕುಡಿಸಿದವರಿಗೆ ಹೇಳುತ್ತೇನೆ.

ಎರಡು ಪದರದಲ್ಲಿ ಬರೆಯುವ ಡ್ಯುಯಲ್ ಲೇಯರ್ ಡಿಸ್ಕ್ ಮಾತ್ರ ಇನ್ನೂ ಕೈಗೆ ಬಂದಿಲ್ಲ. ನಾಲ್ಕು ಹಾಕಿದೆ, ಮೂರು ಲೇಯರ್ ಬದಲಾಗುವ ಜಾಗದಲ್ಲೇ ಕೈಕೊಟ್ಟವು. ಅವು ಒಂದೊಂದೂ ದುಬಾರಿ, ಹಾಗಾಗಿ ಜಾಸ್ತಿ ಆಟ ಆಡುವ ಹಾಗಿಲ್ಲ. ಈ ಸಲ ವೋಲ್ಟೇಜ್ ಮೇಲೆ ಹಾಕೋಣ ಅಂದರೆ ಮೀಟರ್ 12.0 ತೋರಿಸುತ್ತಿದೆ. ಡಬ್ಬಿಯಲ್ಲಿ ಇನ್ನೆರಡು ಉಳಿದಿವೆ. ಮಳೆ ಹಿಡಿಯುವ ಮೊದಲು ಒಂದನ್ನು ಸಂಜೆ, ಇನ್ನೊಂದನ್ನು ಬೆಳಗಿನ ಜಾವ ಹಾಕಿ ನೋಡಬೇಕು. ಭಾವನಿಗೆ ಹೇಳುವುದಿಲ್ಲ.