ಆರಿದ ಅಂಬಲಿಗೇ ಮಜ್ಜಿಗೆ

ಹೋದ ಏಪ್ರಿಲ್‌ನಲ್ಲಿ ರಾಯಚೂರಿನ ನೆಂಟರ ಮನೆಗೆ ಹೋಗಿದ್ದೆ. ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ಜೋಳದ ಅಂಬಲಿಗೆ ಆ ಮನೆಯವರು ಒಂದು ತಂಬಿಗೆ ಮಜ್ಜಿಗೆ ಸುರಿದರು. ಮಜ್ಜಿಗೆ ಒಡೆದು ಗಸಿ ಒಂದು ಕಡೆ, ನೀರು ಒಂದು ಕಡೆಯಾಯಿತು. ‘ಕುಡಿಯಿರಿ, ಹೊಟ್ಟೆಗೆ ತಂಪು’ ಎಂದು ಲೋಟ ಕೈಗಿಟ್ಟರು. ನೆಂಟಸ್ತಿಕೆ ಉಳಿಯಲೆಂದು ಕುಡಿದೆ. ಇದೇ ಎಡವಟ್ಟನ್ನು ಮಾನ್ವಿಯಲ್ಲೂ ಸಿಂಧನೂರಿನಲ್ಲೂ ನೋಡಿದ್ದರಿಂದ ಬರೆಯುತ್ತಿದ್ದೇನೆ.

1. ಹಿಟ್ಟು
ಹಿಂಗಾರಿ ಬಿಳಿ ಜೋಳವನ್ನು ಗಿರಣಿಯಲ್ಲಿ ಬೀಸಿಸಿ, ವಾರದೊಳಗೆ ಬಳಸಿ. ತಿಂಗಳುಗಟ್ಟಲೆ ಇಟ್ಟ ಹಿಟ್ಟು ಕಹಿಯಾಗುತ್ತದೆ.

2. ಹುಳಿ
ಅರ್ಧ ಲೋಟ ಹಿಟ್ಟನ್ನು ಒಂದೂವರೆ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಮಣ್ಣಿನ ಗಡಿಗೆಯಲ್ಲಿಟ್ಟು ಬಟ್ಟೆ ಕಟ್ಟಿ. ಹಿಂದಿನ ದಿನದ ಹುಳಿನೀರು ಎರಡು ಚಮಚ ಸೇರಿದರೆ ಕೆಲಸ ಬೇಗ. ಗಡಿಗೆ ಇಲ್ಲವಾದರೆ ಗಾಜು ಅಥವಾ ಸ್ಟೀಲು ಸರಿ. ಹಿತ್ತಾಳೆ, ಅಲ್ಯೂಮಿನಿಯಂ ಬೇಡವೇ ಬೇಡ. ನಮ್ಮ ಬೇಸಿಗೆಗೆ ರಾತ್ರಿ ಒಂಬತ್ತಕ್ಕೆ ಕಲಸಿದ್ದು ಬೆಳಗಿನ ಐದಕ್ಕೆ ಸಿದ್ಧ. ಚಳಿಗಾಲದಲ್ಲಿ ಇನ್ನೂ ನಾಲ್ಕೈದು ತಾಸು ಬೇಕು. ಮೇಲೆ ಸಣ್ಣ ಗುಳ್ಳೆ, ದೋಸೆಹಿಟ್ಟಿನಂಥ ವಾಸನೆ ಇದ್ದರೆ ಸರಿ. ಮೂಗಿಗೆ ಚುಚ್ಚುವಷ್ಟು ಹುಳಿಯಾಗಿದ್ದರೆ ಮೇಲಿನ ತಿಳಿ ಬಸಿದು ಹೊಸ ನೀರು ಹಾಕಿ. ಲೋಳೆಯೋ, ಬಣ್ಣದ ಬೂಸ್ಟೋ ಕಂಡರೆ ಮನಸ್ಸು ಗಟ್ಟಿಮಾಡಿ ಚೆಲ್ಲಿ.

ಸಮಯವಿಲ್ಲವೆಂದು ನಿಂಬೆಹಣ್ಣು ಹಿಂಡುವವರಿದ್ದಾರೆ. ನಾಲಿಗೆಗೆ ಎರಡೂ ಹುಳಿಯೇ. ಆದರೆ ರಾತ್ರಿಯಿಡೀ ಹುಳಿ ಬಂದ ಹಿಟ್ಟಿನಲ್ಲಿ ಧಾನ್ಯದ ಕಬ್ಬಿಣ, ಸತುವನ್ನು ಮೈಗೆ ಹತ್ತಗೊಡದ ಫೈಟಿಕ್ ಆಮ್ಲ ಕಡಿಮೆಯಾಗಿರುತ್ತದೆ. ನಿಂಬೆರಸ ಆ ಕೆಲಸ ಮಾಡಿಕೊಡುವುದಿಲ್ಲ.

3. ಬೇಯಿಸುವುದು
ಎರಡೂವರೆ ಲೋಟ ನೀರು ಕುದಿಸಿ, ಹುಳಿಹಿಟ್ಟು ಹೊಯ್ದು, ಕೈಬಿಡದೆ ಹತ್ತು ನಿಮಿಷ ತಿರುವಿ. ಉಪ್ಪು ಹಾಕಿ.

4. ಆರಿಸುವುದು
ಎಲ್ಲರೂ ಎಡವುವುದು ಇಲ್ಲಿಯೇ. ರಾತ್ರಿ ಹಿಟ್ಟಿನಲ್ಲಿ ಬೆಳೆದು ಹುಳಿ ತಂದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಕುದಿಯುವಾಗಲೇ ಸತ್ತಿರುತ್ತವೆ. ಜೀವಂತವಾಗಿ ಹೊಟ್ಟೆ ಸೇರಬೇಕಾದವು ಮಜ್ಜಿಗೆಯಲ್ಲಿವೆ. ಬಿಸಿ ಅಂಬಲಿಗೆ ಸುರಿದರೆ ಅವುಗಳಿಗೂ ಅದೇ ಗತಿ.

ಆದ್ದರಿಂದ ಅಂಬಲಿಯನ್ನು ಅಗಲ ಬಾಯಿಯ ಬೋಗುಣಿಗೆ ಸುರಿದು, ಬೋಗುಣಿಯನ್ನು ನೀರು ತುಂಬಿದ ಪರಾತದಲ್ಲಿಡಿ. ಮಾಳಿಗೆಯ ಟ್ಯಾಂಕಿನ ನೀರು ಬೇಡ, ಮೇ ತಿಂಗಳಲ್ಲಿ ಅದೇ ಚಹಾ ಕಾಯಿಸಿದಂತಿರುತ್ತದೆ. ಕೊಡದ ನೀರೇ ಆಗಬೇಕು. ಕೆನೆ ಕಟ್ಟದಂತೆ ಆಗಾಗ ತಿರುವಿ. ಮುಚ್ಚಳ ಹಾಕಿದರೆ ಹಬೆ ನೀರಾಗಿ ಒಳಗೇ ತೊಟ್ಟಿಕ್ಕುತ್ತದೆ. ಬೋಗುಣಿಯ ಹೊರಮೈಗೆ ಅಂಗೈ ಒತ್ತಿ ಹಿಡಿದಾಗ ಬಿಸಿ ತಾಗಬಾರದು; ಉಗುರುಬೆಚ್ಚಗಿದ್ದರೂ ನಾನು ಕಾಯುತ್ತೇನೆ. ಆರಿದ ಅಂಬಲಿಯಲ್ಲಿ ಪಿಷ್ಟದ ಒಂದು ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದ ರೂಪ ತಾಳುತ್ತದೆ. ಅದು ದೊಡ್ಡ ಕರುಳಿಗಿಳಿದು ಅಲ್ಲಿನ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ಉಂಡ ಅವು ಬ್ಯುಟಿರೇಟ್ ಎಂಬ ಆಮ್ಲವನ್ನು ಕೊಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ.

ಹುಳಿಹಾಲಿನ ಜೀವಿಗಳ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದು ನೂರು ವರ್ಷ ದಾಟಿದೆ. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಹಂಚಿಕೊಂಡ ಇಲ್ಯಾ ಮೆಚ್ನಿಕಾಫ್, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದುಕೊಂಡು ತಾವೂ ಹುಳಿಹಾಲು ಕುಡಿಯುತ್ತಿದ್ದರು. ಮುಪ್ಪಿಗೆ ಕರುಳಿನ ಕೊಳೆತವೇ ಕಾರಣವೆಂಬ ಅವರ ವಾದ ಹಾಗೆಯೇ ನಿಲ್ಲಲಿಲ್ಲ. ಹುಳಿಹಾಲಿನ ಜೀವಿಗಳು ಕರುಳಿಗೆ ಏನು ಮಾಡುತ್ತವೆ ಎಂಬ ಪ್ರಶ್ನೆ ಮಾತ್ರ ನಿಂತಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಸ್ಟಿನ್ ಸೊನೆನ್‌ಬರ್ಗ್, ಕ್ರಿಸ್ಟೋಫರ್ ಗಾರ್ಡ್ನರ್ ತಂಡ 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಹತ್ತು ವಾರ ಒಂದಕ್ಕೆ ಹುದುಗಿಸಿದ ಆಹಾರ, ಇನ್ನೊಂದಕ್ಕೆ ನಾರಿನಂಶ ಹೆಚ್ಚಿರುವ ಆಹಾರ ಕೊಟ್ಟು, 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊದಲ ಗುಂಪಿನ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು, ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ತಗ್ಗಿದ್ದವು. ಅವರು ತಿಂದದ್ದು ಮೊಸರು, ಕೆಫಿರ್ ಎಂಬ ಹುಳಿಹಾಲು, ಕಿಮ್ಚಿ ಎಂಬ ಕೊರಿಯಾದ ಹುಳಿ ತರಕಾರಿಯಂಥವು, ಅಂಬಲಿಯಲ್ಲ. ಅಂಬಲಿ ಕುಡಿದರೆ ಸಕ್ಕರೆ ಕಾಯಿಲೆ ಮಾಯವೆಂದು ಮೊಬೈಲಿನಲ್ಲಿ ಸುತ್ತುವ ಮಾತಿಗೆ ಈ ಅಧ್ಯಯನವನ್ನು ಸಾಕ್ಷಿಗೆ ಕರೆಯಬೇಡಿ.

5. ಮಜ್ಜಿಗೆ
ಎರಡು ಲೋಟ, ಮನೆಯಲ್ಲಿ ಕಡೆದದ್ದು. ತಿಂಗಳುಗಟ್ಟಲೆ ಫ್ರಿಜ್ ಇಲ್ಲದೆಯೂ ಕೆಡದ ಡಬ್ಬಿ ಮಜ್ಜಿಗೆಯನ್ನು ಕಾಯಿಸಿ ತುಂಬಿರುತ್ತಾರೆ. ಅದರಲ್ಲಿ ಜೀವವಿಲ್ಲ, ಹುಳಿ ಮಾತ್ರ ಇದೆ. ಪ್ರೋಬಯೋಟಿಕ್ (ಹೊಟ್ಟೆಗೆ ಒಳ್ಳೆಯ ಜೀವಂತ ಬ್ಯಾಕ್ಟೀರಿಯಾ ಇರುವಂಥದ್ದು) ಎಂದು ಬರೆದ ಸಿಹಿ ಬಾಟಲಿಗಳಲ್ಲಿ ಸಕ್ಕರೆ ಎಷ್ಟಿದೆ ಎಂಬ ಸಾಲನ್ನು ಮೊದಲು ಓದಿ.

ಭೇದಿಯಾಗುತ್ತಿರುವ ಮಗುವಿಗೆ ಅಂಬಲಿಯನ್ನು ನೆಚ್ಚಿ ಕೂರಬೇಡಿ, ಓಆರ್‌ಎಸ್ ಕೊಟ್ಟು ವೈದ್ಯರ ಬಳಿ ಕರೆದೊಯ್ಯಿರಿ.

ಹಸಿ ಉಳ್ಳಾಗಡ್ಡಿ, ಅಗಸೆ ಹಿಂಡಿ ಜೊತೆಗಿರಲಿ. ಮಧ್ಯಾಹ್ನದೊಳಗೆ ಗಡಿಗೆ ಖಾಲಿಯಾಗಬೇಕು. ಸಂಜೆಗೆ ಉಳಿದದ್ದು ಎಮ್ಮೆಯ ಪಾಲು.